ನ್ಯಾಯಪೀಠದಿಂದ ಸಭಾಧ್ಯಕ್ಷಪೀಠಕ್ಕೆ: ಕೆ.ಎಸ್. ಹೆಗ್ಡೆ

ಕಾರ್ಕಳ ತಾಲೂಕಿನ ಕೌಡೂರಿನಲ್ಲಿ 1909ರಲ್ಲಿ ಜನಿಸಿದ ಕೌಡೂರು ಸದಾನಂದ ಹೆಗ್ಡೆಯವರು 1952ರಲ್ಲಿ ರಾಜ್ಯಸಭೆಗೆ ಚುನಾಯಿತರಾದರು. 1957ರಲ್ಲಿ ಆ ಸ್ಥಾನವನ್ನು ತ್ಯಜಿಸಿ ಮೈಸೂರು ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದ ಅವರು, 1966ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಪ್ರಥಮ ಮುಖ್ಯ ನ್ಯಾಯಮೂರ್ತಿಗಳಾಗಿ, 1967ರಲ್ಲಿ ಸರ್ವೋಚ್ಚ ನ್ಯಾಯಾಲಯವನ್ನು ಸೇರಿದರು.

ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸಲಾಗದೆಂಬ 1973ರ ಏಪ್ರಿಲ್ 24ರ ಕೇಶವಾನಂದ ಭಾರತಿ ತೀರ್ಪಿನಲ್ಲಿ ಅವರು ಬಹುಮತದ ಪಕ್ಷದಲ್ಲಿದ್ದರು. ಅದರ ಬೆನ್ನಲ್ಲೇ ಶೆಲತ್, ಹೆಗ್ಡೆ, ಗ್ರೋವರ್ ಅವರ ಜ್ಯೇಷ್ಠತೆಯನ್ನು ಕಡೆಗಣಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು, ಮೂವರೂ ರಾಜೀನಾಮೆಯಿತ್ತರು.

1977ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಸಂದರೂ, ಬೆಂಗಳೂರು ದಕ್ಷಿಣ ಕ್ಷೇತ್ರದ ಮತದಾರರು ಜನತಾ ಪಕ್ಷದ ಹೆಗ್ಡೆಯವರನ್ನು ಆರಿಸಿದರು. ಅದೇ ಜುಲೈನಲ್ಲಿ ಅವರು ಲೋಕಸಭೆಯ ಅಧ್ಯಕ್ಷರಾದರು. ಸಂಸತ್ತಿನ ಅಧಿಕಾರಕ್ಕೆ ಎಲ್ಲೆ ಗುರುತಿಸಿದವರಲ್ಲೊಬ್ಬರು ಅದರ ಘನತೆಯ ರಕ್ಷಕರೂ ಆದುದು ಅವರ ವೃತ್ತಿಜೀವನದ ವೈಶಿಷ್ಟ್ಯವಾಗಿದೆ.