ಕತೆ ಬರೆಯಲೂ ಒಂದು ಪದವಿಯೇ?

"ಉಸ್ತಾದ್, ಮಗಳು ಕತೆ ಬರೆಯುವುದನ್ನು ಕಲಿಯಲು ಎಂ.ಎ. ಮಾಡುತ್ತಾಳಂತೆ. ಅದಕ್ಕೂ ಪದವಿ ಉಂಟಾ? ಓದಿದರೆ ಕೆಲಸ ಸಿಗ್ತದಾ?"

ಬಿ.ಎ. ಮುಗಿಸಿದ ಹುಡುಗಿಯ ತಾಯಿಯೊಬ್ಬರು ನನ್ನಲ್ಲಿ ಕೇಳಿದ ಪ್ರಶ್ನೆಯಿದು. ನಗುತ್ತಾ ತಳ್ಳಿಹಾಕುವ ಪ್ರಶ್ನೆಯಲ್ಲ. ಇದರಲ್ಲಿ ಮಗಳ ಭವಿಷ್ಯವೂ ಇದೆ, ಮನೆಯ ಹಣವೂ ಇದೆ. ಹಾಗಾಗಿ ತಿಳಿದದ್ದನ್ನು ಎಲ್ಲರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ತರಗತಿಯಲ್ಲಿ ನಡೆಯುವುದೇನು?

ಇಂತಹ ಪದವಿ ಇದೆ. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಬರಹಗಾರರ ಕಾರ್ಯಾಗಾರ 1936ರಲ್ಲಿ ಆರಂಭವಾಯಿತು. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾನಿಲಯ 1970ರಲ್ಲಿ ಸೃಜನಶೀಲ ಬರವಣಿಗೆಯ ಎಂ.ಎ. ಆರಂಭಿಸಿತು. 2017ರಲ್ಲಿ ನೊಬೆಲ್ ಪಡೆದ ಕಜುವೊ ಇಶಿಗುರೊ ಅಲ್ಲಿಯ ವಿದ್ಯಾರ್ಥಿಯಾಗಿದ್ದವರು. ಅಮೆರಿಕದಲ್ಲಿ ಈ ಪದವಿಯನ್ನು ಎಂ.ಎಫ್.ಎ. ಎನ್ನುತ್ತಾರೆ. ಸಾಮಾನ್ಯವಾಗಿ ಎರಡು ಅಥವಾ ಮೂರು ವರ್ಷಗಳ ಕೋರ್ಸು. ಬ್ರಿಟನ್ನಿನ ಎಂ.ಎ. ಹೆಚ್ಚಾಗಿ ಒಂದು ವರ್ಷದ್ದು.

ಅಲ್ಲಿ ಉಪನ್ಯಾಸಕ್ಕಿಂತ ತಿದ್ದುವ ಕೆಲಸವೇ ಹೆಚ್ಚು. ಒಬ್ಬ ವಿದ್ಯಾರ್ಥಿ ತನ್ನ ಕತೆಯ ಪ್ರತಿಯನ್ನು ಎಲ್ಲರಿಗೂ ಮೊದಲೇ ಹಂಚುತ್ತಾನೆ. ಉಳಿದವರು ಓದಿಕೊಂಡು ಬಂದು ಚರ್ಚಿಸುತ್ತಾರೆ. ಎಲ್ಲಿ ಮನ ಮುಟ್ಟಿತು, ಎಲ್ಲಿ ಎಳೆದಂತಾಯಿತು ಎನ್ನುತ್ತಾರೆ. ಎಷ್ಟೋ ಕಡೆ ಚರ್ಚೆ ಮುಗಿಯುವ ತನಕ ಬರೆದವನು ಬಾಯಿ ತೆರೆಯುವಂತಿಲ್ಲ. ಕೊನೆಗೆ ಒಂದು ಕಾದಂಬರಿ, ಕಥಾಸಂಕಲನ ಅಥವಾ ಕವನ ಸಂಕಲನದ ಹಸ್ತಪ್ರತಿಯನ್ನು ಒಪ್ಪಿಸಬೇಕು.

ನಮಗೆ ಹೊಸತಲ್ಲ

ಬರಹ ಹುಟ್ಟಿನಿಂದ ಬರುವುದು, ಕಲಿಸಿ ಬರುವುದಲ್ಲ ಎನ್ನುವವರಿದ್ದಾರೆ. ಆದರೆ ಮದ್ರಸಗಳಲ್ಲಿ 'ಇನ್ಶಾ' ಎಂದು ಪ್ರಬಂಧ ರಚನೆಯನ್ನು ಕಲಿಸುತ್ತಾ ಬಂದವರು ನಾವು. ಉರ್ದು ಕವಿಗಳಲ್ಲಿ 'ಇಸ್ಲಾಹ್' ಎಂಬ ಪದ್ಧತಿ ಇತ್ತು. ಶಿಷ್ಯ ತನ್ನ ಗಝಲನ್ನು ಉಸ್ತಾದರ ಮುಂದಿಡುತ್ತಿದ್ದ, ಅವರು ಪದಪದವನ್ನೂ ತಿದ್ದುತ್ತಿದ್ದರು. ಪ್ರತಿಭೆ ಅಲ್ಲಾಹನ ಕೊಡುಗೆ, ನಿಜ. ಅದನ್ನು ಹದಗೊಳಿಸುವುದು ಗುರುವಿನ ಕೆಲಸ.

ಕಾಶ್ಮೀರದ ಕವಿ ಆಗಾ ಶಾಹಿದ್ ಅಲಿ (2001ರಲ್ಲಿ ನಿಧನರಾದರು) ಗಝಲಿನ ನಿಯಮಗಳನ್ನು ಇಂಗ್ಲಿಷಿಗೆ ತಂದವರು. ಸ್ವತಃ ಎಂ.ಎಫ್.ಎ. ಮಾಡಿ, ಮುಂದೆ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದಲ್ಲಿ ಅದನ್ನೇ ಕಲಿಸಿದರು. ಅಲ್ಲಿ ಓದಿ ಅವರಿಂದ ಪ್ರಭಾವಿತರಾದವರಲ್ಲಿ ಕರಾಚಿಯ ಕಮಿಲಾ ಶಮ್ಸಿ ಒಬ್ಬರು. ಓದುತ್ತಿದ್ದಾಗಲೇ ಬರೆದ ಅವರ ಮೊದಲ ಕಾದಂಬರಿ 1998ರಲ್ಲಿ ಪ್ರಕಟವಾಯಿತು. ಬ್ರಿಟನ್ನಿನ ಮುಸ್ಲಿಮ್ ಕುಟುಂಬಗಳ ಸಂಕಟವನ್ನು ಹೇಳುವ 'ಹೋಮ್ ಫೈರ್' 2018ರಲ್ಲಿ ವಿಮೆನ್ಸ್ ಪ್ರೈಝ್ ಗೆದ್ದಿತು.

ಕೆಲಸದ ಮಾತು

ಈ ಪದವಿ ನೌಕರಿಯ ಖಾತರಿಯಲ್ಲ. ಕಾದಂಬರಿ ಬರೆದು ಅದರಿಂದಲೇ ಬದುಕುವವರು ಎಲ್ಲಾ ದೇಶಗಳಲ್ಲೂ ಕೆಲವರೇ. ಆದರೆ ಚೆನ್ನಾಗಿ ಬರೆಯಲು, ಬರೆದದ್ದನ್ನು ತಿದ್ದಲು ಬಲ್ಲವರಿಗೆ ಕೆಲಸದ ದಾರಿಗಳಿವೆ. ಪತ್ರಿಕೆ, ಪ್ರಕಾಶನ ಸಂಸ್ಥೆ, ಅನುವಾದ, ಜಾಹೀರಾತು, ಚಿತ್ರಕಥೆ, ಮಕ್ಕಳ ಪಠ್ಯ, ಕಂಪೆನಿಗಳ ಕೈಪಿಡಿ ಹೀಗೆ. ಇವುಗಳಲ್ಲಿ ಹಲವನ್ನು ಮನೆಯಿಂದಲೇ ಮಾಡಬಹುದು.

ಅಮೆರಿಕದಲ್ಲಿ ಎಂ.ಎಫ್.ಎ. ಆದವರು, ಪುಸ್ತಕಗಳೂ ಪ್ರಕಟವಾಗಿದ್ದರೆ, ಕಾಲೇಜಿನಲ್ಲಿ ಕಲಿಸಬಹುದು. ನಮ್ಮಲ್ಲಿ ಹಾಗಲ್ಲ. ಉಪನ್ಯಾಸಕಿಯಾಗುವ ಆಸೆಯಿದ್ದರೆ ಇಂಗ್ಲಿಷ್ ಅಥವಾ ಕನ್ನಡ ಎಂ.ಎ. ಮಾಡಿ ನೆಟ್ ಮುಂತಾದ ಅರ್ಹತೆ ಪಡೆಯುವುದೇ ಭದ್ರ ದಾರಿ.

ಖರ್ಚಿನ ಬಗ್ಗೆಯೂ ಯೋಚಿಸಬೇಕು. ಬಡ್ಡಿಯ ಸಾಲ ಮಾಡಿ ಇದನ್ನು ಓದಿಸಬೇಡಿ ಎಂದೇ ನನ್ನ ಸಲಹೆ. ಅಮೆರಿಕದ ಹಲವು ವಿಶ್ವವಿದ್ಯಾನಿಲಯಗಳು ಆಯ್ಕೆಯಾದವರಿಗೆ ಶುಲ್ಕ ಬಿಟ್ಟುಕೊಟ್ಟು, ಬೋಧನಾ ಸಹಾಯಕರಾಗಿ ದುಡಿಸಿ, ಮಾಸಿಕ ವೇತನವನ್ನೂ ಕೊಡುತ್ತವೆ. ಸೀಟು ಕಡಿಮೆ, ಸ್ಪರ್ಧೆ ಬಹಳ. ಆಯ್ಕೆಯಲ್ಲಿ ಅಂಕಕ್ಕಿಂತ ಕಳುಹಿಸಿದ ಬರಹವೇ ಮುಖ್ಯ. ನಮ್ಮ ದೇಶದಲ್ಲಿ ಇಗ್ನೋ ದೂರಶಿಕ್ಷಣದ ಮೂಲಕ ಇಂಗ್ಲಿಷ್ ಸೃಜನಶೀಲ ಬರವಣಿಗೆಯ ಡಿಪ್ಲೊಮಾ ನಡೆಸುತ್ತಾ ಬಂದಿದೆ. ಪಿಯುಸಿ ಆದವರಿಗೆ ಪ್ರವೇಶ. ಸೇರುವ ಮುನ್ನ ಆ ವರ್ಷದ ಪ್ರಕಟಣೆ ನೋಡಿಕೊಳ್ಳಿ.

ಪದವಿಯಿಲ್ಲದೆಯೂ

ಹಾಸನದ ವಕೀಲೆ ಬಾನು ಮುಷ್ತಾಕ್ ಇಂತಹ ಯಾವ ಪದವಿಯನ್ನೂ ಪಡೆದವರಲ್ಲ. ಅವರ ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. 'ಚಂದ್ರಗಿರಿಯ ತೀರದಲ್ಲಿ' ಬರೆದ ಸಾರಾ ಅಬೂಬಕ್ಕರ್ ಅವರಿಗೂ ಅಂತಹ ತರಗತಿ ಇರಲಿಲ್ಲ. ಅವರಿಗೆ ಪತ್ರಿಕೆಗಳೇ ಪಾಠಶಾಲೆಯಾದವು.

ಬರೆಯುವುದು ಹೆಣ್ಣುಮಕ್ಕಳಿಗೆ ತಕ್ಕ ಕೆಲಸವೇ ಎಂದು ಕೇಳುವವರೂ ಇದ್ದಾರೆ. ಮೊದಲ ದಿವ್ಯವಾಣಿಯಲ್ಲೇ ಲೇಖನಿಯ ಪ್ರಸ್ತಾಪವಿದೆ. ಲೇಖನಿಯ ಹೆಸರಿನಲ್ಲೇ ಕುರ್‌ಆನಿನ 68ನೇ ಅಧ್ಯಾಯವಿದೆ. ಕವಿ ಹಸ್ಸಾನ್(ರ)ರಿಗಾಗಿ ಪ್ರವಾದಿ(ಸ)ರು ಮಸೀದಿಯಲ್ಲಿ ಮಿಂಬರ್ ಇಡಿಸುತ್ತಿದ್ದರು. ಕವಯಿತ್ರಿ ಖನ್ಸಾ(ರ)ರ ಕವಿತೆಯನ್ನು ಮೆಚ್ಚಿ ಕೇಳುತ್ತಿದ್ದರೆಂದೂ ವರದಿಗಳಿವೆ. ಸುಳ್ಳನ್ನೂ ಅಶ್ಲೀಲವನ್ನೂ ಬರೆಯಬಾರದೆಂಬ ಹೊಣೆ ಗಂಡಿಗೂ ಹೆಣ್ಣಿಗೂ ಒಂದೇ.

ಆ ತಾಯಿಗೆ ನಾನು ಹೇಳಿದ್ದಿಷ್ಟು: "ಉದ್ಯೋಗಕ್ಕೆ ಒಂದು ಎಂ.ಎ. ಮಾಡಿಸಿ. ಜೊತೆಗೆ ಡಿಪ್ಲೊಮಾ ಮಾಡಲಿ. ನಾಲ್ಕೈದು ಕತೆ ತಯಾರಾಗಲಿ, ಪತ್ರಿಕೆಗಳಿಗೆ ಕಳುಹಿಸಲಿ. ಆಮೇಲೆ ವೇತನ ಕೊಡುವ ಕಡೆ ಅರ್ಜಿ ಹಾಕುವ ಬಗ್ಗೆ ಯೋಚಿಸೋಣ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾತ್ರಿ ಲೈಟ್ ಹಾಕಿಕೊಂಡು ಬರೆಯುತ್ತಾಳೆಂದು ಗದರುತ್ತಿದ್ದೆ. ಇನ್ನು ಗದರುವುದಿಲ್ಲ" ಎಂದರು.

ಅಷ್ಟಾದರೆ ಅವಳ ಮೊದಲ ತರಗತಿ ಆರಂಭವಾದಂತೆಯೇ. ನಮ್ಮ ಮಕ್ಕಳ ಲೇಖನಿಗೆ ಅಲ್ಲಾಹನು ಬರಕತ್ ನೀಡಲಿ.