ಏಸಿಯ ಗ್ಯಾಸು ಎಲ್ಲಿಗೆ ಹೋಯಿತು?

ರಾಯಚೂರು, ಕಲಬುರಗಿ ಸೀಮೆಯ ಬಿಸಿಲನ್ನು ನಿಮಗೆ ನಾವು ಬಣ್ಣಿಸಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಾವು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ವಯಸ್ಸಾದವರೋ ಬಾಣಂತಿಯೋ ಇರುವ ಮನೆಯಲ್ಲಿ ಈಗ ಹಳ್ಳಿಯಲ್ಲೂ ಒಂದು ಕೋಣೆಗೆ ಏಸಿ ಹಾಕಿಸುವುದುಂಟು. ಮೊದಲ ಬೇಸಗೆ ಕೋಣೆ ತಂಪಾಗಿರುತ್ತದೆ. ಎರಡನೆಯ ಬೇಸಗೆಗೆ ಬರೀ ಗಾಳಿ ಬರುತ್ತದೆ. ಮೆಕ್ಯಾನಿಕ್ ಬಂದು, “ಗ್ಯಾಸು ಮುಗಿದದೆ, ತುಂಬಿಸಬೇಕು” ಅಂತಾನೆ. ನೀವು ಸಾವಿರಾರು ರೂಪಾಯಿ ಕೊಡುತ್ತೀರಿ. ಮರುವರ್ಷ ಮತ್ತೆ ಅದೇ ಮಾತು.

ಏಸಿಯ ಗ್ಯಾಸು ಒಲೆಯ ಗ್ಯಾಸಿನ ಹಾಗೆ ಉರಿದು ಮುಗಿಯುವ ಪದಾರ್ಥವಲ್ಲ. ಅದು ಮುಗಿಯಿತೆಂದರೆ ಎಲ್ಲೋ ಸೋರಿತು ಎಂದೇ ಅರ್ಥ. ಹೇಗೆ ಅಂತೀರಾ? ಮಣ್ಣಿನ ಮಡಕೆಯನ್ನು ನೆನೆಯಿರಿ. ನೀರು ಹೊರಮೈಯಲ್ಲಿ ಜಿನುಗಿ ಆವಿಯಾಗುವಾಗ ಒಳಗಿನ ಕಾವನ್ನು ಹೊತ್ತೊಯ್ಯುತ್ತದೆ. ಏಸಿಯಲ್ಲಿ ನಡೆಯುವುದೂ ಅದೇ. ಕೋಣೆಯ ಪೆಟ್ಟಿಗೆಯೊಳಗೆ ಒಂದು ದ್ರವ ಆವಿಯಾಗುತ್ತಾ ಕಾವನ್ನು ಹೀರುತ್ತದೆ. ಹೊರಗಿನ ಪೆಟ್ಟಿಗೆಯಲ್ಲಿರುವ ಕಂಪ್ರೆಸರ್ ಆ ಆವಿಯನ್ನು ಅದುಮುತ್ತದೆ. ಅಲ್ಲಿ ಕಾವು ಹೊರಗೆ ಹೋಗಿ ಆವಿ ಮತ್ತೆ ದ್ರವವಾಗುತ್ತದೆ. ಮಡಕೆಯ ನೀರು ಗಾಳಿಪಾಲಾದರೆ, ಇದು ಗಾಣದೆತ್ತಿನಂತೆ ಒಳಗೊಳಗೇ ಸುತ್ತುತ್ತಿರುತ್ತದೆ. ಎರಡು ಪೆಟ್ಟಿಗೆಗಳ ನಡುವೆ ಅದರ ದಾರಿ ಎರಡು ತಾಮ್ರದ ಪೈಪುಗಳು, ಒಂದು ಸಣ್ಣದು, ಒಂದು ದಪ್ಪದ್ದು. ಎರಡೂ ತುದಿ ಸೇರಿ ನಾಲ್ಕು ನಟ್ಟುಗಳು. ಬಹುಪಾಲು ಸೋರಿಕೆ ಈ ನಾಲ್ಕು ಕಡೆಯೇ. ಆದ್ದರಿಂದ ಪೈಪು ಜೋಡಿಸುವ ದಿನ ಮನೆಯವರೊಬ್ಬರು ಹೊಲಕ್ಕೆ ಹೋಗದೆ ಮೆಕ್ಯಾನಿಕ್ಕಿನ ಪಕ್ಕದಲ್ಲಿರಿ.

ಮೊದಲು ಜಾಗ. ಹೊರಗಿನ ಪೆಟ್ಟಿಗೆಯನ್ನು ದನದ ಕೊಟ್ಟಿಗೆಯ ಗೋಡೆಗೆ, ತಿಪ್ಪೆಯ ಹತ್ತಿರ ಹಾಕಿಸಬೇಡಿ. ಗಂಜಲ, ಸಗಣಿಯಿಂದ ಮೂಗಿಗೆ ಹೊಡೆಯುವ ಅಮೋನಿಯ ಏಳುತ್ತದಲ್ಲ, ಅದು ತಾಮ್ರವನ್ನು ತಿನ್ನುತ್ತದೆ. ಬಿಗಿದ ಹಿತ್ತಾಳೆ ನಟ್ಟನ್ನು ಸೀಳಿಸುತ್ತದೆ. ಪಟ್ಟಣದ ಮೆಕ್ಯಾನಿಕ್ಕಿಗೆ ಇದು ಹೊಳೆಯದೇ ಇರಬಹುದು, ನೀವೇ ಹೇಳಬೇಕು. ಕಣದ ಹೊಟ್ಟು ಹಾರುವ ದಿಕ್ಕೂ ಬೇಡ.

ಪೈಪನ್ನು ಗರಗಸದಿಂದ ಕೊಯ್ಯಬಾರದು. ತಾಮ್ರದ ಪುಡಿ ಒಳಗೆ ಬಿದ್ದರೆ ಕಂಪ್ರೆಸರಿಗೆ ಅಪಾಯ. ಚಕ್ರದ ಕಟ್ಟರಿನಿಂದ ಕೊಯ್ದು, ಬಾಯಿಯನ್ನು ಕೆಳಮುಖ ಹಿಡಿದು ಒಳಗಿನ ಚೂಪು ಅಂಚನ್ನು ಹೆರೆಯಬೇಕು. ನಟ್ಟನ್ನು ಪೈಪಿಗೆ ತೊಡಿಸಿದ ಮೇಲೆ ಬಾಯಿಯನ್ನು ಉಮ್ಮತ್ತಿ ಹೂವಿನ ಹಾಗೆ ಅಗಲಿಸುತ್ತಾರೆ. ಆ ಅಂಚು ನುಣುಪಾಗಿ ಒಂದೇ ಸಮನಿರಬೇಕು. ಗೀರು, ಬಿರುಕು ಕಂಡರೆ ಕತ್ತರಿಸಿ ಮತ್ತೆ ಮಾಡಲಿ. ಎರಡಂಗುಲ ತಾಮ್ರ ಹೋದರೆ ಹೋಗಲಿ. ಬಿಗಿಯುವಾಗ ಎರಡು ಸ್ಪ್ಯಾನರ್ ಬೇಕು, ಒಂದು ಹಿಡಿಯಲು, ಒಂದು ತಿರುಗಿಸಲು. ಒಂದೇ ಸ್ಪ್ಯಾನರಿನಿಂದ ಎಳೆದರೆ ಪೈಪು ತಿರುಚುತ್ತದೆ. ಅತಿ ಬಿಗಿ ಮಾಡಿದರೂ ಅಂಚು ತೆಳ್ಳಗಾಗಿ ಸೀಳುತ್ತದೆ. ಗೋಡೆಯ ತೂತಿನಲ್ಲಿ ತೂರಿಸುವಾಗ ಪೈಪಿನ ಬಾಯಿ ಮುಚ್ಚಿರಲಿ, ಮಣ್ಣು ಹೋದೀತು.

ಇನ್ನು ಸೋರಿಕೆ ನೋಡುವುದು. ಸೈಕಲ್ ಟ್ಯೂಬನ್ನು ನೀರಿನಲ್ಲಿ ಅದ್ದಿ ನೋಡುತ್ತೇವಷ್ಟೆ? ಇಲ್ಲಿ ಪೈಪಿಗೆ ಒಣ ನೈಟ್ರೋಜನ್ ತುಂಬಿ, ಕೈಪಿಡಿ ಹೇಳಿದಷ್ಟು ಒತ್ತಡ ಕೊಟ್ಟು, ನಟ್ಟುಗಳಿಗೆ ಸಾಬೂನಿನ ನೊರೆ ಬಳಿಯಬೇಕು. ಗುಳ್ಳೆ ಎದ್ದರೆ ಸೋರಿಕೆ. ಈ ಮಾತನ್ನು ಗಟ್ಟಿಯಾಗಿ ನೆನಪಿಡಿ: ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರನ್ನು ಇದಕ್ಕೆ ತರಗೊಡಬೇಡಿ. ಕಂಪ್ರೆಸರಿನಲ್ಲಿ ಎಣ್ಣೆ ಇರುತ್ತದೆ. ಒತ್ತಡದ ಆಕ್ಸಿಜನ್ ಎಣ್ಣೆಗೆ ತಾಗಿದರೆ ಬಾಂಬಿನಂತೆ ಸಿಡಿಯುತ್ತದೆ, ಜೀವ ಹೋಗುತ್ತದೆ. “ನೈಟ್ರೋಜನ್ ಸಿಗಲಿಲ್ಲ” ಎಂದರೆ ನಾಳೆ ಬನ್ನಿ ಎನ್ನಿ.

ಸೋರಿಕೆ ಇಲ್ಲವೆಂದಾದ ಮೇಲೆ ವ್ಯಾಕ್ಯೂಮ್ ಪಂಪು. ಅವಸರದವರು ಕಳ್ಳತನ ಮಾಡುವ ಕೆಲಸ ಇದೇ. ಪೈಪಿನೊಳಗೆ ಗಾಳಿಯೂ ತೇವವೂ ಉಳಿದಿರುತ್ತವೆ. ತೇವ ಎಣ್ಣೆಯೊಡನೆ ಬೆರೆತು ಹುಳಿಯಾಗಿ ಕಂಪ್ರೆಸರನ್ನು ಒಳಗಿನಿಂದ ಕೆಡಿಸುತ್ತದೆ. ಇಲ್ಲವೆ ಕಿರಿದಾರಿಯಲ್ಲಿ ಮಂಜುಗಡ್ಡೆಯಾಗಿ ಅಡ್ಡ ನಿಲ್ಲುತ್ತದೆ. ಗಾಳಿಯ ಒತ್ತಡ ತಗ್ಗಿದಷ್ಟೂ ನೀರು ಕಡಿಮೆ ಕಾವಿಗೆ ಕುದಿಯುತ್ತದೆ. ಪಂಪು ಗಾಳಿಯನ್ನೆಲ್ಲ ಎಳೆದಾಗ ಪೈಪಿನ ತೇವ ಬೆಂಕಿಯಿಲ್ಲದೆಯೇ ಆವಿಯಾಗಿ ಹೊರಬೀಳುತ್ತದೆ. ಇದು ಎರಡು ನಿಮಿಷದ ಕೆಲಸವಲ್ಲ, ಇಪ್ಪತ್ತು ಮೂವತ್ತು ನಿಮಿಷವಾದರೂ ಓಡಲಿ. ಮೈಕ್ರಾನ್ ಗೇಜು ಇದ್ದರೆ 500ಕ್ಕಿಂತ ಕೆಳಗಿಳಿಯಬೇಕು. ಪಂಪು ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿ. ಮುಳ್ಳು ಮೇಲೇರುತ್ತಾ ಹೋದರೆ ತೇವ ಇನ್ನೂ ಇದೆ, ಇಲ್ಲವೆ ಸೋರಿಕೆ ಇದೆ.

ಕೆಲವರು ಪಂಪು ತರುವುದೇ ಇಲ್ಲ. “ಗ್ಯಾಸು ಬಿಟ್ಟೇ ಗಾಳಿ ತೆಗೀತೀನಿ” ಅಂತಾರೆ. ಒಪ್ಪಬೇಡಿ. ತೇವ ಹಾಗೇ ಉಳಿಯುತ್ತದೆ, ನೀವು ಕೊಂಡ ಗ್ಯಾಸು ಹೋಗುತ್ತದೆ. ಈಗಿನ ಅನೇಕ ಯಂತ್ರಗಳಲ್ಲಿರುವ ಆರ್-32 ಗ್ಯಾಸಿಗೆ ಬೆಂಕಿಯೂ ಹತ್ತಬಲ್ಲದು. ಕೆಲಸದ ಹತ್ತಿರ ಬೀಡಿ, ಒಲೆ ಬೇಡ. ಅದು ಒಂದು ಕಿಲೋ ಗಾಳಿಗೆ ಸೇರಿದರೆ, ನೂರು ವರ್ಷದ ಲೆಕ್ಕದಲ್ಲಿ 675 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುತ್ತದೆ.

ಎರಡು ಪೈಪಿಗೂ ಬೇರೆ ಬೇರೆ ರಬ್ಬರಿನ ಹೊದಿಕೆ ಬೇಕು, ಬಿಟ್ಟಲ್ಲೆಲ್ಲ ನೀರು ತೊಟ್ಟಿಕ್ಕಿ ಗೋಡೆ ಕೆಡುತ್ತದೆ. ಹೊರಗಡೆ ಹೊದಿಕೆಗೆ ಬಿಸಿಲು ತಾಗದಂತೆ ಟೇಪು ಸುತ್ತಿಸಿ. ಇಲಿ ಕಡಿಯುತ್ತದೆ, ಆಗಾಗ ನೋಡುತ್ತಿರಿ.

ಪೈಪು ಕಂಪನಿ ಹೇಳಿದ್ದಕ್ಕಿಂತ ಉದ್ದವಾದರೆ ಹೆಚ್ಚಿನ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು, ಅಂದಾಜಿನಿಂದಲ್ಲ. ಪೈಪು ಎಷ್ಟು ಮೀಟರು, ಗ್ಯಾಸು ಎಷ್ಟು ಗ್ರಾಂ ಎಂದು ರಸೀತಿಯ ಹಿಂದೆ ಬರೆಸಿ, ಪಹಣಿ ಕಾಗದ ಇಡುವಲ್ಲೇ ಇಡಿ. ಮುಂದಿನ ಬೇಸಗೆಗೆ ಯಾರಾದರೂ ಬಂದು “ಗ್ಯಾಸು ಮುಗಿದದೆ” ಎಂದರೆ, ಮೊದಲು ಸಾಬೂನು ನೊರೆ ಮಾಡಿ ಕೈಗೆ ಕೊಡಿ. ಸೋರುವ ಜಾಗ ತೋರಿಸಿ, ಸರಿಪಡಿಸಿದ ಮೇಲೆ ತುಂಬಿಸಲಿ.