ಹುಗ್ಗಿಯ ಗೋಧಿ ಪ್ರಯೋಗಾಲಯಕ್ಕೆ ಹೋದಾಗ

ಧಾರವಾಡ ಸೀಮೆಯ ಜಾತ್ರೆ, ಮದುವೆ ಊಟದಲ್ಲಿ ಗೋಧಿ ಹುಗ್ಗಿ ಇರಲೇಬೇಕು. ಅದಕ್ಕೆ ಹಿರಿಯರು ಕೇಳುವುದು ಜವೆ ಗೋಧಿಯನ್ನೇ. ಈ ಗೋಧಿಯನ್ನು ಒಕ್ಕಿದರೂ ಹೊಟ್ಟು ಬಿಡುವುದಿಲ್ಲ. ಕುಟ್ಟಿ, ಕೇರಿ ಕಾಳು ತೆಗೆಯಬೇಕು. ಗಿರಣಿಗೆ ಸುಲಭವಾಗಿ ಒಗ್ಗುವ, ಹೆಚ್ಚು ಇಳುವರಿಯ ಗೋಧಿ ಬಂದ ಮೇಲೆ ಇದು ಹಿಂದೆ ಸರಿಯಿತು.

ಅದನ್ನು ಮತ್ತೆ ಹೊಲಕ್ಕೆ ತರಲು ದುಡಿದವರು 1986ರಲ್ಲಿ ಆರಂಭವಾದ ಧಾರವಾಡ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು. ಹಳೆಯ ತಳಿ ಎತ್ತರಕ್ಕೆ ಬೆಳೆದು ಗಾಳಿಗೆ ನೆಲಕ್ಕೊರಗುತ್ತಿತ್ತು. ಇಲ್ಲಿ ರೂಪುಗೊಂಡ ಡಿಡಿಕೆ 1025, ಡಿಡಿಕೆ 1029 ಗಿಡ್ಡ ತಳಿಗಳು.

ಅಡುಗೆಮನೆಯ ಪ್ರಶ್ನೆಯನ್ನೂ ಅವರು ಬಿಡಲಿಲ್ಲ. ಆಹಾರ ವಿಜ್ಞಾನಿ ನಿರ್ಮಲಾ ಯೆಣಗಿ, ಗೋಧಿ ತಳಿ ತಜ್ಞ ಆರ್.ಆರ್. ಹಂಚಿನಾಳ ಮತ್ತು ಸಂಗಡಿಗರು ಮಧುಮೇಹಿಗಳ ಊಟದಲ್ಲಿ ಜವೆ ಗೋಧಿ ಬಳಸಿ ನೋಡಿದರು. ರಕ್ತದ ಸಕ್ಕರೆ, ಕೊಬ್ಬಿನಂಶ ಎರಡೂ ಇಳಿದದ್ದನ್ನು 2001ರಲ್ಲಿ ಪ್ರಕಟಿಸಿದರು. ನಾರು, ಪ್ರೋಟೀನು ಹೆಚ್ಚಿರುವ ಈ ಕಾಳು ನಿಧಾನವಾಗಿ ಜೀರ್ಣವಾಗುತ್ತದೆ.

ಹಾಗೆಂದು ಇದು ಔಷಧವಲ್ಲ. ಅಧ್ಯಯನ ನಡೆದದ್ದು ಕೆಲವೇ ಜನರ ಮೇಲೆ. ಗ್ಲುಟೆನ್ ಇರುವುದರಿಂದ ಸೀಲಿಯಾಕ್ ರೋಗಿಗಳಿಗೆ ವರ್ಜ್ಯ. ಬೆಲ್ಲ ಸುರಿದ ಹುಗ್ಗಿಯಂತೂ ಸಕ್ಕರೆ ಕಾಯಿಲೆಯವರಿಗೆ ಸಲ್ಲದು. ಅದೇ ಗೋಧಿಯ ರವೆಗೆ ಕಾಯಿಪಲ್ಲೆ ಬೆರೆಸಿದ ಉಪ್ಪಿಟ್ಟು ಅವರ ತಟ್ಟೆಗೆ ಮೇಲು. ಅಂಗಡಿಯಲ್ಲಿ ಇದನ್ನು ಕೇಳಿ ಕೊಳ್ಳುವವರು ಹೆಚ್ಚಿದರೆ ಬೆಳೆಯುವ ರೈತನ ಕುಟ್ಟುವ ಖರ್ಚೂ ಗಿಟ್ಟುತ್ತದೆ.